ಕೈಹಿಡಿತದ ಬಲ: ಯಾವ ಸಲಕರಣೆಗೆ ಹಣ ಹಾಕಬೇಕು, ಯಾವುದಕ್ಕೆ ಬೇಡ

ಕಲಬುರಗಿಯ ಕ್ರೀಡಾ ಸಾಮಗ್ರಿಯ ಅಂಗಡಿಗೆ ಹೋಗಿ ಕೈಹಿಡಿತ ಗಟ್ಟಿಯಾಗುವಂಥ ಸಲಕರಣೆ ಬೇಕೆಂದು ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಮುಂದಿಡುವುದು ಹ್ಯಾಂಡ್ ಗ್ರಿಪ್ಪರ್ ಒಂದನ್ನೇ. ಎರಡು ಹಿಡಿಗಳು, ಅವುಗಳ ನಡುವೆ ಒಂದು ಸ್ಪ್ರಿಂಗ್, ಪೊಟ್ಟಣದ ಮೇಲೆ ಇಷ್ಟು ಕಿಲೊ ಎಂದು ದಪ್ಪಕ್ಷರದಲ್ಲಿ ಬರೆದ ಒಂದು ಅಂಕಿ. ಸೇನಾ ಭರ್ತಿಗೆ ತಯಾರಿ ನಡೆಸುತ್ತಿರುವ ಯುವಕನೂ, ಕುಸ್ತಿಯ ತಾಲೀಮಿಗೆ ಹೋಗುವ ಪೈಲ್ವಾನನೂ, ತುಂಬಿದ ಕೊಡ ಕೈಯಿಂದ ಜಾರತೊಡಗಿದೆಯೆಂದು ಚಿಂತಿಸುವ ಅರವತ್ತು ದಾಟಿದ ಗೃಹಿಣಿಯೂ ಅದನ್ನೇ ಕೊಂಡು ಹೋಗುತ್ತಾರೆ. ಆದರೆ ಈ ಮೂವರ ಕೈಗಳು ಮಾಡಬೇಕಾದ ಕೆಲಸ ಒಂದೇ ಅಲ್ಲ. ಯುವಕ ಬೀಮ್ ಹಿಡಿದು ತನ್ನ ಮೈಭಾರವನ್ನೇ ಮೇಲೆಳೆದುಕೊಳ್ಳಬೇಕು. ಪೈಲ್ವಾನ ಎದುರಾಳಿಯ ಬೆವರಿದ ಮಣಿಕಟ್ಟನ್ನು ಬಿಡದೆ ಹಿಡಿಯಬೇಕು. ಆ ತಾಯಿಗೆ ಭಾರ ಹೊತ್ತು ಹತ್ತಾರು ಹೆಜ್ಜೆ ನಡೆಯುವಷ್ಟು ಹೊತ್ತು ಬೆರಳು ಸೋಲದಿರಬೇಕು. ಆದ್ದರಿಂದ ಯಾವ ಸಲಕರಣೆ ಒಳ್ಳೆಯದು ಎಂದು ಕೇಳುವ ಮೊದಲು ಯಾವ ಹಿಡಿತ ಬೇಕು ಎಂದು ತೀರ್ಮಾನಿಸಬೇಕು. ಅದಾದ ಮೇಲೆ ಪ್ರತಿ ಸಲಕರಣೆಗೂ ಎರಡು ಪ್ರಶ್ನೆ ಹಾಕಬೇಕು: ಅದರ ಮೇಲಿನ ಭಾರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಲು ಬರುತ್ತದೆಯೇ, ಹೆಚ್ಚಿಸಿದ್ದು ಎಷ್ಟೆಂದು ನಂಬಿಕೆಯಿಂದ ಹೇಳಲು ಬರುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ಹೌದು ಎನ್ನುವ ವಸ್ತುಗಳಲ್ಲಿ ಹೆಚ್ಚಿನವು ನಮ್ಮ ಭಾಗದ ಪೈಪ್ ಅಂಗಡಿಯಲ್ಲಿ, ವೆಲ್ಡಿಂಗ್ ಶೆಡ್ಡಿನಲ್ಲಿ, ಕಲ್ಲಿನ ಅಡ್ಡೆಯಲ್ಲಿ ಸಿಗುತ್ತವೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕೈಯೊಳಗೆ ನಡೆಯುವುದೇನು

ಬೆರಳುಗಳನ್ನು ಬಲವಾಗಿ ಮಡಿಸುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಅಂಗೈಯಲ್ಲೂ ಇಲ್ಲ. ಅವು ಮೊಣಕೈಗೂ ಮಣಿಕಟ್ಟಿಗೂ ನಡುವಿನ ಮುಂಗೈಯಲ್ಲಿವೆ. ಮೇಲ್ಪದರದ ಒಂದು ಸ್ನಾಯು, ಆಳದ ಇನ್ನೊಂದು ಸ್ನಾಯು ನಾಲ್ಕು ಬೆರಳಿಗೂ ಒಂದೊಂದು ಸ್ನಾಯುರಜ್ಜುವನ್ನು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನು, ಕಳಿಸುತ್ತವೆ. ಈ ಎಂಟು ರಜ್ಜುಗಳು, ಹೆಬ್ಬೆರಳನ್ನು ಮಡಿಸುವ ಒಂಬತ್ತನೆಯದು, ಜೊತೆಗೆ ಒಂದು ನರ, ಇವೆಲ್ಲವೂ ಮಣಿಕಟ್ಟಿನ ಕಾರ್ಪಲ್ ಸುರಂಗವೆಂಬ ಇಕ್ಕಟ್ಟಾದ ದಾರಿಯಲ್ಲಿ ಹಾಯ್ದು ಬರುತ್ತವೆ. ಹೆಬ್ಬೆರಳಿಗೆ ಇದಲ್ಲದೆ ಅದರ ಬುಡದ ದಪ್ಪ ಭಾಗದಲ್ಲಿ ತನ್ನದೇ ಆದ ಸಣ್ಣ ಸ್ನಾಯುಗಳಿವೆ. ಮುಂಗೈಯ ಹಿಂಬದಿಯಲ್ಲಿರುವ, ಬೆರಳು ಮತ್ತು ಮಣಿಕಟ್ಟನ್ನು ಹಿಂದಕ್ಕೆ ಚಾಚುವ ಸ್ನಾಯುಗಳನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿದಾಗ ಮಾತ್ರ ಮುಷ್ಟಿಗೆ ಪೂರ್ಣ ಬಲ ಬರುತ್ತದೆ, ಆ ಭಂಗಿಯನ್ನು ಕಾಯುವುದು ಈ ಹಿಂಬದಿಯ ಸ್ನಾಯುಗಳೇ. ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಮಡಿಸಿ ಮುಷ್ಟಿ ಬಿಗಿಯಲು ಯತ್ನಿಸಿದರೆ ಬಲ ಎಷ್ಟು ಕುಸಿಯುತ್ತದೆ ಎಂಬುದು ಯಾರಿಗಾದರೂ ತಕ್ಷಣ ತಿಳಿಯುತ್ತದೆ.

ಅಭ್ಯಾಸದ ದೃಷ್ಟಿಯಿಂದ ಹಿಡಿತವನ್ನು ಹೀಗೆ ಬೇರ್ಪಡಿಸಬಹುದು. ವಸ್ತುವನ್ನು ಅಂಗೈಗೆ ಒತ್ತಿ ಮುಚ್ಚುವುದು ಹಿಂಡುವ ಹಿಡಿತ. ಮುಚ್ಚಿದ ಬೆರಳನ್ನು ಭಾರವು ತೆರೆಯಲು ಎಳೆಯುತ್ತಿರುವಾಗ ಬಿಡದೆ ತಡೆದಿರುವುದು ತೂಗುವ ಹಿಡಿತ. ಕೊಡ, ಚೀಲ, ಬೀಮ್, ಹಗ್ಗ ಎಲ್ಲವೂ ಇದಕ್ಕೆ ಸೇರುತ್ತವೆ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಚಪ್ಪಟೆ ವಸ್ತುವನ್ನು ಎತ್ತುವುದು ಚಿಮಟದ ಹಿಡಿತ. ಇವುಗಳ ಜೊತೆಗೆ ಮಣಿಕಟ್ಟಿನ ಬಲ ಪ್ರತ್ಯೇಕವಾಗಿ ಬರುತ್ತದೆ. ಒಂದನ್ನು ಬೆಳೆಸಿದರೆ ಇನ್ನೊಂದಕ್ಕೆ ಅಷ್ಟಿಷ್ಟು ಲಾಭವಾಗುವುದು ನಿಜ, ಆದರೆ ಅದು ಪೂರ್ತಿ ವರ್ಗಾವಣೆಯಾಗುವುದಿಲ್ಲ. ಗ್ರಿಪ್ಪರನ್ನು ಸಲೀಸಾಗಿ ಮುಚ್ಚುವವನು ದಪ್ಪ ಸರಳಿನಿಂದ ಭಾರ ಎತ್ತಲಾಗದೆ ನಿಲ್ಲುವುದಕ್ಕೆ ಕಾರಣ ಇದೇ: ಗ್ರಿಪ್ಪರಿನಲ್ಲಿ ಹೆಬ್ಬೆರಳಿಗೆ ಹೆಚ್ಚು ಕೆಲಸವಿಲ್ಲ, ದಪ್ಪ ಸರಳಿನಲ್ಲಿ ಹೆಬ್ಬೆರಳು ಸೋತರೆ ಎಲ್ಲವೂ ಸೋತಂತೆ.

ಗ್ರಿಪ್ಪರ್ ಮತ್ತು ಅದರ ಮೇಲಿನ ಅಂಕಿ

ಹೆಚ್ಚು ಮಾರಾಟವಾಗುವ ವಸ್ತು ಇದೇ ಆದ್ದರಿಂದ, ಹೆಚ್ಚು ಗೊಂದಲವೂ ಇದರ ಸುತ್ತಲೇ ಇರುವುದರಿಂದ, ಇದನ್ನು ಸಾವಕಾಶವಾಗಿ ನೋಡಬೇಕು.

ಮಾರುಕಟ್ಟೆಯಲ್ಲಿ ಎರಡು ಜಾತಿಯ ಗ್ರಿಪ್ಪರುಗಳಿವೆ. ಒಂದು, ಪ್ಲಾಸ್ಟಿಕ್ ಹಿಡಿಯ, ತಿರುಗಣೆ ತಿರುಗಿಸಿ 5ರಿಂದ 60 ಕಿಲೊವರೆಗೆ ಹೊಂದಿಸಬಹುದೆಂದು ಹೇಳುವ ಅಗ್ಗದ ಗ್ರಿಪ್ಪರ್. ತಿರುಗಣೆ ತಿರುಗಿಸಿದಾಗ ಸ್ಪ್ರಿಂಗಿನ ತುದಿ ಹಿಡಿಯ ಉದ್ದಕ್ಕೂ ಸರಿಯುತ್ತದೆ, ಸನ್ನೆಕೋಲಿನ ಲೆಕ್ಕ ಬದಲಾಗಿ ಹಿಂಡುವುದು ಕಷ್ಟವಾಗುತ್ತದೆ. ತತ್ತ್ವ ಸರಿಯಾದದ್ದೇ. ಆದರೆ ಗುರುತಿನ ಗೆರೆಯ ಪಕ್ಕದ ಕಿಲೊ ಅಂಕಿ ಅಂದಾಜಿನದು. ಹಿಡಿಯ ತುದಿಯಲ್ಲಿ ಒತ್ತಿದಾಗ ಬೇಕಾಗುವ ಬಲ ಬೇರೆ, ಕೀಲಿನ ಬಳಿ ಒತ್ತಿದಾಗ ಬೇಕಾಗುವ ಬಲ ಬೇರೆ; ಯಾವ ಜಾಗದಲ್ಲಿ ಅಳೆದು ಆ ಅಂಕಿ ಬರೆದರು ಎಂಬುದು ಪೊಟ್ಟಣದ ಮೇಲೆ ಇರುವುದಿಲ್ಲ. ಹೀಗಾಗಿ ಒಂದು ಕಂಪನಿಯ 40 ಕಿಲೊ ಇನ್ನೊಂದು ಕಂಪನಿಯ 40 ಕಿಲೊಗೆ ಸಮವಲ್ಲ.

ಇನ್ನೊಂದು ಜಾತಿ, ಉಕ್ಕಿನ ತಿರುಚು ಸ್ಪ್ರಿಂಗಿಗೆ ಲೋಹದ ಹಿಡಿ ಜೋಡಿಸಿದ, ಹೊಂದಿಸಲು ಬಾರದ ಗ್ರಿಪ್ಪರ್. ಇವುಗಳಲ್ಲಿ ಹೆಸರಾದದ್ದು ಅಮೆರಿಕದ ಐರನ್‌ಮೈಂಡ್ ಕಂಪನಿಯ ಕ್ಯಾಪ್ಟನ್ಸ್ ಆಫ್ ಕ್ರಷ್ ಸರಣಿ. ಅದರಲ್ಲಿ ಟ್ರೇನರ್ ಎಂಬುದಕ್ಕೆ 100 ಪೌಂಡ್, 1ನೇ ಸಂಖ್ಯೆಗೆ 140, 2ನೇ ಸಂಖ್ಯೆಗೆ 195, 3ಕ್ಕೆ 280, 4ಕ್ಕೆ 365 ಪೌಂಡ್ ಎಂದು ಕಂಪನಿ ಸೂಚಿಸುತ್ತದೆ. ಕಿಲೊಗೆ ತಿರುಗಿಸಿದರೆ 1ನೇ ಸಂಖ್ಯೆ ಸುಮಾರು 64, 3ನೇ ಸಂಖ್ಯೆ ಸುಮಾರು 127. 3ನೆಯದನ್ನು ನಿಯಮದಂತೆ ಮುಚ್ಚಿದವರಿಗೆ ಕಂಪನಿ 1991ರಿಂದ ಪ್ರಮಾಣಪತ್ರ ಕೊಡುತ್ತ ಬಂದಿದೆ, 4ನೆಯದನ್ನು ಮೊದಲು ಮುಚ್ಚಿ ಪ್ರಮಾಣಪತ್ರ ಪಡೆದವರು 1998ರಲ್ಲಿ ಜೋ ಕಿನ್ನಿ. ಅಂಗಡಿಯ ಪ್ಲಾಸ್ಟಿಕ್ ಗ್ರಿಪ್ಪರನ್ನು 60ರ ಗೆರೆಗೆ ಇಟ್ಟು ಇಪ್ಪತ್ತು ಸಲ ಹಿಂಡಿದ ಹುಡುಗ ತಾನು 1ನೇ ಸಂಖ್ಯೆಯನ್ನು ಮುಚ್ಚಬಲ್ಲೆನೆಂದು ಲೆಕ್ಕ ಹಾಕಿದರೆ ಆ ಲೆಕ್ಕಕ್ಕೆ ಆಧಾರವಿರುವುದಿಲ್ಲ.

ಈ ಲೋಹದ ಗ್ರಿಪ್ಪರಿನ ನಿಜವಾದ ತೊಡಕು ಬೆಲೆಯಷ್ಟೇ ಅಲ್ಲ, ಮೆಟ್ಟಿಲುಗಳ ನಡುವಿನ ಅಂತರ. ತಿರುಚು ಸ್ಪ್ರಿಂಗಿನ ಬಿಗಿ ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಸುರುಳಿಯ ಅಳತೆ ಅದೇ ಇದ್ದು ತಂತಿ 5 ಮಿಲಿಮೀಟರಿನಿಂದ 5.5ಕ್ಕೆ ದಪ್ಪವಾದರೆ ಸಾಕು, ಬಿಗಿ ಸುಮಾರು 46 ಪ್ರತಿಶತ ಹೆಚ್ಚುತ್ತದೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಗ್ರಿಪ್ಪರುಗಳಲ್ಲಿ ಒಂದು ಸಲೀಸಾಗಿ ಮುಚ್ಚಿ ಇನ್ನೊಂದು ಅರ್ಧದಲ್ಲೇ ನಿಲ್ಲುವುದು ಇದರಿಂದಲೇ. 1ರಿಂದ 2ನೇ ಸಂಖ್ಯೆಗೆ ಹೋಗುವುದೆಂದರೆ 140ರಿಂದ 195ಕ್ಕೆ, ಅಂದರೆ ಹೆಚ್ಚುಕಡಿಮೆ 40 ಪ್ರತಿಶತದ ಜಿಗಿತ. ನೆಲದ ಮೇಲಿನ ಭಾರದ ಸರಳನ್ನು ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್‌ನಲ್ಲಿ 100 ಕಿಲೊ ಎತ್ತುವವನಿಗೆ ಮುಂದಿನ ಭಾರ 140 ಎಂದು ಯಾವ ತರಬೇತುದಾರನೂ ಹೇಳುವುದಿಲ್ಲ, 102.5 ಎನ್ನುತ್ತಾನೆ. ನಡುವೆ ಒಂದೂವರೆ, ಎರಡೂವರೆ ಎಂಬ ಅರ್ಧ ಮೆಟ್ಟಿಲುಗಳಿವೆ, ಆದರೆ ಅವೆಲ್ಲವನ್ನೂ ಕೊಳ್ಳುತ್ತ ಹೋದರೆ ಹಣ ನೀರಿನಂತೆ ಹರಿಯುತ್ತದೆ. ಇನ್ನೊಂದು ಸಂಗತಿಯೂ ಇದೆ. ಸ್ಪ್ರಿಂಗ್ ಮುಚ್ಚುತ್ತ ಬಂದಂತೆ ಬಿಗಿಯಾಗುತ್ತದೆ, ಆದ್ದರಿಂದ ಆರಂಭದಲ್ಲಿ ಹಗುರ, ಹಿಡಿಗಳು ಒಂದಕ್ಕೊಂದು ತಾಗುವ ಕೊನೆಯ ಅರ್ಧ ಅಂಗುಲದಲ್ಲಿ ಮಾತ್ರ ಪೂರ್ಣ ಭಾರ. ತಾಗಿಸದೆ ಅರೆಬರೆ ಹಿಂಡಿದ ಸಲಗಳಿಂದ ಬಲ ಬರುವುದು ಕಡಿಮೆ.

ನನ್ನ ಸಲಹೆ ಹೀಗಿದೆ. ಹಿಂಡುವ ಹಿಡಿತವೇ ನಿಮ್ಮ ಗುರಿಯಾಗಿದ್ದರೆ ಎರಡು ಲೋಹದ ಗ್ರಿಪ್ಪರ್ ಸಾಕು: ಕಷ್ಟಪಟ್ಟು ಎಂಟು ಹತ್ತು ಸಲ ಪೂರ್ತಿ ಮುಚ್ಚಬಲ್ಲದ್ದು ಒಂದು, ಇನ್ನೂ ಮುಚ್ಚಲಾಗದ್ದು ಇನ್ನೊಂದು. ಎರಡನೆಯದನ್ನು ಎರಡೂ ಕೈಗಳಿಂದ ಮುಚ್ಚಿ, ಒಂದು ಕೈ ತೆಗೆದು, ಉಳಿದ ಕೈಯಿಂದ ಐದಾರು ಸೆಕೆಂಡು ತಡೆದು, ನಿಧಾನವಾಗಿ ಬಿಡುತ್ತ ಹೋದರೆ ನಡುವಿನ ಮೆಟ್ಟಿಲುಗಳ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಸಣ್ಣ ಅಂಗೈಯವರು ಹಿಡಿಗಳ ನಡುವಿನ ಅಗಲವನ್ನು ಕೊಳ್ಳುವ ಮೊದಲೇ ಕೈಯಲ್ಲಿ ಹಿಡಿದು ನೋಡಬೇಕು. ಕಿರುಬೆರಳಿಗೆ ಹಿಡಿ ಎಟುಕದಿದ್ದರೆ ಇನ್ನೊಂದು ಕೈಯಿಂದ ಸ್ವಲ್ಪ ಒತ್ತಿಕೊಂಡು ಆರಂಭಿಸುವುದರಲ್ಲಿ ತಪ್ಪಿಲ್ಲ. ಪ್ಲಾಸ್ಟಿಕ್ ಗ್ರಿಪ್ಪರನ್ನು ನಿಷ್ಪ್ರಯೋಜಕವೆಂದು ತಳ್ಳಿಹಾಕಲಾರೆ: ಕೈ ಮುರಿದು ಪಟ್ಟಿ ಬಿಚ್ಚಿಸಿಕೊಂಡವರಿಗೆ, ವಯಸ್ಸಾದವರಿಗೆ, ಎಳೆಯರಿಗೆ ಬಹಳ ಕಡಿಮೆ ಭಾರದಿಂದ ಆರಂಭಿಸಲು ಅದು ಅನುಕೂಲ. ಆದರೆ ದಿನಕ್ಕೆ ನೂರಾರು ಸಲ ಹಿಂಡಿದ್ದನ್ನು ಎಣಿಸಿ ತೋರಿಸುವ ಮೀಟರಿರುವ ಮಾದರಿಗೆ ಹೆಚ್ಚು ಹಣ ಕೊಡುವುದು ವ್ಯರ್ಥ. ನೂರು ಸಲ ಹಿಂಡಬಹುದಾದ ಭಾರ ತಾಳಿಕೆಯನ್ನು ಬೆಳೆಸುತ್ತದೆ, ಬಲವನ್ನು ಅಷ್ಟಾಗಿ ಬೆಳೆಸುವುದಿಲ್ಲ.

ತೂಗುವ ಹಿಡಿತ: ಹೆಚ್ಚಿನವರಿಗೆ ಬೇಕಾದದ್ದು

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಚೀಲ ಹೊರುವ ಹಮಾಲರ ಕೈಗಳಿಗೆ, ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಕಲ್ಲಿನ ಗಣಿಯಲ್ಲಿ ದುಡಿಯುವವರ ಕೈಗಳಿಗೆ ಗ್ರಿಪ್ಪರಿನ ಪರಿಚಯವೇ ಇಲ್ಲದಿರಬಹುದು. ಅವರ ಬೆರಳು ಗಟ್ಟಿಯಾಗಿರುವುದು ಭಾರ ತೆರೆಯಲೆತ್ನಿಸಿದರೂ ತೆರೆಯದೆ ಉಳಿಯುವ ಅಭ್ಯಾಸದಿಂದ. ದಿನನಿತ್ಯದ ಬದುಕಿನಲ್ಲಿ, ಜಿಮ್‌ನಲ್ಲಿ, ಹೆಚ್ಚಿನ ಆಟಗಳಲ್ಲಿ ಕೈ ಸೋಲುವುದು ಈ ತೂಗುವ ಹಿಡಿತದಲ್ಲೇ. ಹಾಗಾಗಿ ಒಂದೇ ಒಂದು ಸಲಕರಣೆ ಹೊಂದಿಸಿಕೊಳ್ಳುವ ಅವಕಾಶವಿದ್ದರೆ ನಾನು ಗ್ರಿಪ್ಪರನ್ನಲ್ಲ, ಜೋತುಬೀಳಲು ಬರುವ ಗಟ್ಟಿ ಸರಳನ್ನು ಆರಿಸುತ್ತೇನೆ.

ಸರಳಿಗೆ ಜೋತುಬೀಳುವುದರಲ್ಲಿ ಭಾರ ಎಷ್ಟೆಂಬ ಸಂಶಯವಿಲ್ಲ, ಅದು ನಿಮ್ಮದೇ ಮೈಭಾರ. ಎರಡು ಕೈಗಳಿಂದ ಒಂದು ನಿಮಿಷ ನಿಲ್ಲಲು ಬಂದ ಮೇಲೆ ಸರಳಿನ ಮೇಲೆ ಎರಡು ದಪ್ಪ ಟವೆಲ್ ಹಾಕಿ ಅವುಗಳ ತುದಿ ಹಿಡಿದು ಜೋತುಬೀಳಬಹುದು. ಟವೆಲ್ ಕೈಯಲ್ಲಿ ಹಿಸುಕಿಹೋಗಿ ಜಾರುವುದರಿಂದ ಸಮಯ ಅರ್ಧಕ್ಕಿಂತ ಕಡಿಮೆಯಾಗುವುದು ಸಹಜ. ಭರ್ತಿಗೆ ಹೋಗುವ ಯುವಕರಿಗೆ ಬೀಮ್ ಪರೀಕ್ಷೆಯಲ್ಲಿ ಬೆನ್ನು, ತೋಳು ಇನ್ನೂ ಎಳೆಯಬಲ್ಲವಾದರೂ ಬೆರಳು ಬಿಟ್ಟುಕೊಡುವುದು ಸಾಮಾನ್ಯ ತೊಂದರೆ. ಅವರಿಗೆ ಗ್ರಿಪ್ಪರಿಗಿಂತ ಈ ಅಭ್ಯಾಸ ನೇರವಾಗಿ ಒದಗುತ್ತದೆ. ಬಾಗಿಲ ಚೌಕಟ್ಟಿನ ನಡುವೆ ತಿರುಗಿಸಿ ಬಿಗಿಯುವ ಸರಳು ಕೊಳ್ಳುವವರು ಚೌಕಟ್ಟು ಎಂಥದು ಎಂದು ಮೊದಲು ನೋಡಬೇಕು. ಹಳೆಯ ಮನೆಯ ಕಲ್ಲಿನ ಅಥವಾ ದಪ್ಪ ಮರದ ಚೌಕಟ್ಟು ತಡೆಯುತ್ತದೆ, ಹೊಸ ಮನೆಯ ತೆಳುವಾದ ತಗಡಿನ ಚೌಕಟ್ಟು ತಡೆಯದು. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಸರಳು ಎಲ್ಲಕ್ಕಿಂತ ಸುರಕ್ಷಿತ.

ಜೋತುಬೀಳಲಾಗದವರಿಗೆ ಹೊತ್ತು ನಡೆಯುವುದೇ ಸರಿಯಾದ ದಾರಿ. ಹಿಡಿ ಇರುವ 20 ಲೀಟರಿನ ಎರಡು ನೀರಿನ ಕ್ಯಾನ್‌ಗಳಿದ್ದರೆ ಪ್ರತಿ ಕೈಗೂ ಕೆಲವೇ ಕಿಲೊದಿಂದ 20 ಕಿಲೊವರೆಗೆ ಎಷ್ಟು ಬೇಕೋ ಅಷ್ಟು ಭಾರ ಸಿಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಕಿಲೊ ಎಂಬ ಲೆಕ್ಕ ಯಾವ ಕಂಪನಿಯ ಅಂಕಿಗಿಂತಲೂ ನಂಬಲರ್ಹ. ಅರ್ಧ ಲೀಟರ್ ಸುರಿದರೆ ಅರ್ಧ ಕಿಲೊ ಹೆಚ್ಚಿತು. ಇಷ್ಟು ಸಣ್ಣ ಮೆಟ್ಟಿಲು ಹೆಚ್ಚಿನ ಜಿಮ್‌ಗಳ ಪ್ಲೇಟುಗಳಲ್ಲೂ ಸಿಗುವುದಿಲ್ಲ. ಇನ್ನೂ ಭಾರ ಬೇಕಾದವರು ಒಣ ಉಸುಕು ತುಂಬಬಹುದು. ಅದು ಲೀಟರಿಗೆ ಸುಮಾರು 1.6 ಕಿಲೊ ತೂಗುತ್ತದೆ. ಬಕೆಟ್ಟಿನ ತಂತಿಯ ಹಿಡಿ ಅಂಗೈ ಕೊಯ್ಯುತ್ತದೆ, ನೋವಿಗಾಗಿ ಬಿಟ್ಟರೆ ಅದು ಬಲದ ಪರೀಕ್ಷೆಯಾಗದು. ತಂತಿಯ ಮೇಲೆ ಪೈಪಿನ ತುಂಡೊಂದನ್ನು ಸೀಳಿ ಹಾಕಿಕೊಂಡರೆ ಆ ತೊಂದರೆ ಕಳೆಯುತ್ತದೆ.

ದಪ್ಪ ಹಿಡಿಯ ಲಾಭ, ಪೈಪಿನ ಅಂಗಡಿಯ ಲಾಭ

ಒಲಿಂಪಿಕ್ ಭಾರ ಎತ್ತುವ ಸ್ಪರ್ಧೆಯ ಸರಳು ಪುರುಷರಿಗೆ 28, ಮಹಿಳೆಯರಿಗೆ 25 ಮಿಲಿಮೀಟರ್ ದಪ್ಪ. ಆ ದಪ್ಪಕ್ಕೆ ಬೆರಳುಗಳು ಪೂರ್ತಿ ಸುತ್ತಿ ಹೆಬ್ಬೆರಳು ಅವುಗಳ ಮೇಲೆ ಕೂರುತ್ತದೆ. ಹಿಡಿಯನ್ನು 50ರಿಂದ 60 ಮಿಲಿಮೀಟರಿಗೆ ದಪ್ಪ ಮಾಡಿದರೆ ಬೆರಳ ತುದಿ ಮತ್ತು ಹೆಬ್ಬೆರಳು ಒಂದನ್ನೊಂದು ಮುಟ್ಟದೆ ಕೈ ಅರೆತೆರೆದೇ ಉಳಿಯುತ್ತದೆ, ಅದರಿಂದ ಅದೇ ಭಾರ ಹಲವು ಪಟ್ಟು ಕಷ್ಟವೆನಿಸುತ್ತದೆ. ಇಂಗ್ಲೆಂಡಿನ ಥಾಮಸ್ ಇಂಚ್ ಎಂಬ ಬಲಶಾಲಿಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಡಂಬೆಲ್‌ನ ತೂಕ 172 ಪೌಂಡ್, ಅಂದರೆ 78 ಕಿಲೊ. ಒಂದು ಕೈಯಲ್ಲಿ 78 ಕಿಲೊ ನೆಲದಿಂದ ಎತ್ತುವವರು ಜಿಮ್‌ಗಳಲ್ಲಿ ಸಿಗುತ್ತಾರೆ, ಆದರೆ ಹೆಚ್ಚುಕಡಿಮೆ 60 ಮಿಲಿಮೀಟರ್ ದಪ್ಪದ ಆ ಹಿಡಿಯನ್ನು ಹಿಡಿದು ಎತ್ತುವವರು ವಿರಳ. ಆ ಹಿಡಿ ಗುಂಡುಗಳಿಗೆ ಅಂಟಿಕೊಂಡೇ ಇರುವುದರಿಂದ ಎತ್ತಲು ಹೋದೊಡನೆ ಇಡೀ ಡಂಬೆಲ್ ಉರುಳಿ ಬೆರಳನ್ನು ತೆರೆಯುತ್ತದೆ. ಇದೇ ತತ್ತ್ವದ ಮೇಲೆ ಐರನ್‌ಮೈಂಡ್ ಕಂಪನಿ ರೋಲಿಂಗ್ ಥಂಡರ್ ಎಂಬ, ತನ್ನಷ್ಟಕ್ಕೆ ಉರುಳುವ 60 ಮಿಲಿಮೀಟರಿನ ಹಿಡಿಯನ್ನು ಮಾರುತ್ತದೆ. ಕೆಳಗೆ ಪ್ಲೇಟು ತೂಗುಹಾಕಿ ಒಂದು ಕೈಯಿಂದ ಎತ್ತುವುದು ಅದರ ಬಳಕೆ.

ಇಲ್ಲಿ ನಮ್ಮ ಊರಿನ ಪೈಪ್ ಅಂಗಡಿ ಬಹಳ ನೆರವಾಗುತ್ತದೆ. ಎರಡು ಇಂಚಿನ ಜಿಐ ಪೈಪು ಎಂದು ಕೇಳಿದರೆ ಕೊಡುವ ಪೈಪಿನ ಹೊರ ವ್ಯಾಸ ಎರಡು ಇಂಚಲ್ಲ, 60.3 ಮಿಲಿಮೀಟರ್. ಒಂದೂವರೆ ಇಂಚಿನದರ ಹೊರ ವ್ಯಾಸ 48.3. ಪೈಪಿನ ಹೆಸರು ಒಳಗಿನ ರಂಧ್ರದ ಅಂದಾಜಿನಿಂದ ಬಂದದ್ದೇ ಇದಕ್ಕೆ ಕಾರಣ. ಅಂದರೆ ಹಿಡಿತದ ಸ್ಪರ್ಧಿಗಳು ಬಳಸುವ ಎರಡು ಮುಖ್ಯ ದಪ್ಪಗಳೂ, ಉರುಳುವ ಹಿಡಿಯ 60 ಮತ್ತು ದಪ್ಪ ಬಾರ್ಬೆಲ್‌ನ 48ರಿಂದ 50, ಸಾಮಾನ್ಯ ನೀರಿನ ಪೈಪಿನಲ್ಲೇ ಸಿಗುತ್ತವೆ. ಎರಡು ಇಂಚಿನ ಪೈಪಿನ 15 ಸೆಂಟಿಮೀಟರ್ ತುಂಡಿನೊಳಗೆ ಸಡಿಲವಾಗಿ ತಿರುಗುವಂತೆ ಒಂದು ಗಟ್ಟಿ ಸರಳನ್ನು ತೂರಿಸಿ, ಸರಳಿನ ಎರಡು ತುದಿಗೆ ಚಪ್ಪಟೆ ಪಟ್ಟಿ ಬೆಸೆದು, ಅವು ಕೆಳಗೆ ಕೂಡುವಲ್ಲಿ ಕೊಕ್ಕೆಯೊಂದನ್ನು ಹಾಕಿಸಿದರೆ ಉರುಳುವ ಹಿಡಿ ಸಿದ್ಧ. ವೆಲ್ಡಿಂಗ್ ಶೆಡ್ಡಿನವರಿಗೆ ಇದು ಸ್ವಲ್ಪ ಹೊತ್ತಿನ ಕೆಲಸ. ಬೆಸುಗೆಯ ಗಂಟು, ಪೈಪಿನ ಅಂಚುಗಳನ್ನು ಗ್ರೈಂಡರಿನಿಂದ ನಯ ಮಾಡಿಸುವುದನ್ನು ಮರೆಯಬಾರದು, ಇಲ್ಲದಿದ್ದರೆ ಅಂಗೈ ಸೀಳುತ್ತದೆ. ಪಿವಿಸಿ ಪೈಪಿನ ಲೆಕ್ಕ ಬೇರೆ: ನೀರಾವರಿಗೆ ಬಳಸುವ ಎರಡು ಇಂಚಿನ ಪಿವಿಸಿಯ ಹೊರ ವ್ಯಾಸ 63 ಮಿಲಿಮೀಟರ್, ಅದೂ ಬೆವರಿದ ಕೈಗೆ ಜಾರುತ್ತದೆ, ಭಾರಕ್ಕೆ ಬಿರಿಯುವ ಅಪಾಯವೂ ಇದೆ. ಆದ್ದರಿಂದ ಅದು ಬೇಡ.

ಜಿಮ್‌ಗೆ ಈಗಾಗಲೇ ಹೋಗುತ್ತಿರುವವರಿಗೆ ಇನ್ನೂ ಸುಲಭದ ಉಪಾಯವೆಂದರೆ ಸರಳಿನ ಮೇಲೆ ಸೇರಿಸುವ ರಬ್ಬರ್ ಕವಚ. ಗಟ್ಟಿ ರಬ್ಬರಿನದಾದರೆ ಅದು ಕೊಟ್ಟ ಹಣಕ್ಕೆ ಮೋಸವಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ತಗ್ಗುವ ಫೋಮಿನ ಕವಚ ಕೈಯಲ್ಲಿ ಹಿಸುಕಿಹೋಗಿ ದಪ್ಪವೇ ಉಳಿಯುವುದಿಲ್ಲ.

ಫರ್ಸಿ, ಮರ, ಗದೆ

ಚಿಮಟದ ಹಿಡಿತಕ್ಕೆ ಜಿಮ್‌ನವರು ಎರಡು ಪ್ಲೇಟುಗಳನ್ನು ನಯವಾದ ಮುಖ ಹೊರಗೆ ಬರುವಂತೆ ಜೋಡಿಸಿ ಬೆರಳ ನಡುವೆ ಎತ್ತುತ್ತಾರೆ. ನಮ್ಮ ಕಡೆ ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸುಣ್ಣಕಲ್ಲಿನ ಜಾತಿಯ ಈ ಕಲ್ಲು ಘನ ಸೆಂಟಿಮೀಟರಿಗೆ ಸುಮಾರು 2.6 ಗ್ರಾಂ ತೂಗುತ್ತದೆ. 30 ಸೆಂಟಿಮೀಟರ್ ಚೌಕದ, ಎರಡೂವರೆ ಸೆಂಟಿಮೀಟರ್ ದಪ್ಪದ ತುಂಡು ಹತ್ತಿರ ಹತ್ತಿರ 6 ಕಿಲೊ ಆಗುತ್ತದೆ. ಕೈಗೆ ಸಿಕ್ಕ ಒರಟು ಮುಖದ ತುಂಡಿನಿಂದ ಆರಂಭಿಸಿ ಪಾಲಿಷ್ ಮಾಡಿದ ತುಂಡಿಗೆ ಹೋದರೆ ತೂಕ ಅಷ್ಟೇ ಇದ್ದರೂ ಕಷ್ಟ ಹೆಚ್ಚುತ್ತದೆ. ಅಂಚುಗಳನ್ನು ಉಜ್ಜಿ ಮೊಂಡು ಮಾಡಿಕೊಳ್ಳಬೇಕು. ಕಲ್ಲು ಜಾರುವುದು ಅಭ್ಯಾಸದ ಸಹಜ ಭಾಗವಾದ್ದರಿಂದ ಕಾಲು ಅದರ ನೇರ ಕೆಳಗೆ ಬರಬಾರದು, ನೆಲದ ಮೇಲೆ ಹಳೆಯ ಟೈರು ಅಥವಾ ಉಸುಕಿನ ಗುಡ್ಡೆ ಇರಬೇಕು.

ಕಲ್ಲಿನ ಒಂದು ಕೊರತೆಯೆಂದರೆ ಅದರ ತೂಕವನ್ನು ಅರ್ಧರ್ಧ ಕಿಲೊ ಏರಿಸಲು ಬರುವುದಿಲ್ಲ. ಅದಕ್ಕೆ ಮರದ ತುಂಡು ಮೇಲು. ಬಡಿಗೇರರ ಬಳಿ ಉಳಿದ ಬೇವು, ಜಾಲಿ ಅಥವಾ ಸಾಗವಾನಿಯ ಹಲಗೆಯಿಂದ 5 ಸೆಂಟಿಮೀಟರ್ ದಪ್ಪದ, ಅಂಗೈ ಅಗಲದ ತುಂಡೊಂದನ್ನು ಮಾಡಿಸಿ, ಕೆಳಭಾಗಕ್ಕೆ ಗಟ್ಟಿ ಕೊಕ್ಕೆ ಹಾಕಿ, ಆ ಕೊಕ್ಕೆಗೆ ನೀರಿನ ಕ್ಯಾನ್ ಅಥವಾ ಪ್ಲೇಟುಗಳನ್ನು ತೂಗುಹಾಕಬಹುದು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ನಿಖರವಾಗಿ ಭಾರ ಹೆಚ್ಚಿಸಿಕೊಳ್ಳಬಹುದಾದ ಸಲಕರಣೆ ಹಿಡಿತದ ಅಭ್ಯಾಸದಲ್ಲಿ ಮತ್ತೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಹೆಬ್ಬೆರಳು ದುರ್ಬಲವಾಗಿರುವವರು, ಅಂದರೆ ನಮ್ಮಲ್ಲಿ ಹೆಚ್ಚಿನವರು, ಇದರಿಂದಲೇ ಆರಂಭಿಸಿದರೆ ಒಳ್ಳೆಯದು.

ಮಣಿಕಟ್ಟಿಗೆ ತಾಲೀಮಿನ ಗದೆ ಇಂದಿಗೂ ಉಪಯುಕ್ತ. ಉದ್ದನೆಯ ಕೋಲಿನ ತುದಿಗೆ ಭಾರವಿರುವುದರಿಂದ ಕಡಿಮೆ ತೂಕವೂ ಸನ್ನೆಕೋಲಿನ ಬಲದಿಂದ ಮಣಿಕಟ್ಟಿಗೆ ಹೆಚ್ಚಾಗಿ ಎರಗುತ್ತದೆ. ಅದು ಭುಜ, ಮುಂಗೈ, ಮಣಿಕಟ್ಟುಗಳಿಗೆ ಒಳ್ಳೆಯದಾದರೂ ಬೆರಳು ಮುಚ್ಚುವ ಬಲಕ್ಕೆ ಅದೊಂದೇ ಸಾಲದು. ತಾಲೀಮಿನ ಹಗ್ಗ ಹತ್ತುವುದು, ಅಖಾಡದ ಮಣ್ಣು ಅಗೆಯುವುದು ಬೆರಳನ್ನು ಹೆಚ್ಚು ದುಡಿಸುತ್ತವೆ. ಮನೆಯಲ್ಲಿ ಗದೆಯ ಬದಲಿಗೆ ಉದ್ದ ಕಾವಿನ ಸುತ್ತಿಗೆ ಸಾಕು. ಕೈ ಚಾಚಿ ನಿಂತು, ಕಾವನ್ನು ಹಿಡಿದು, ಸುತ್ತಿಗೆಯ ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಬಾಗಿಸಿ ಎತ್ತುವಾಗ, ಕೈಯನ್ನು ಕಾವಿನ ತುದಿಯ ಕಡೆಗೆ ಎರಡೆರಡು ಸೆಂಟಿಮೀಟರ್ ಸರಿಸಿದರೆ ಹೊಸ ಭಾರ ಕೊಳ್ಳದೆಯೇ ಕಷ್ಟ ಹೆಚ್ಚುತ್ತದೆ. ಕಾವಿನ ಮೇಲೆ ಗೆರೆ ಹಾಕಿಕೊಂಡರೆ ಅದೇ ಅಳತೆಗೋಲು.

ಮುಂಗೈಯ ಹಿಂಬದಿಗೆ ಅಗಲವಾದ ರಬ್ಬರ್ ಬ್ಯಾಂಡುಗಳನ್ನು ಐದೂ ಬೆರಳಿಗೆ ಹಾಕಿ ತೆರೆಯುವುದು, ಉಸುಕು ಅಥವಾ ಜೋಳ ತುಂಬಿದ ಬಕೆಟ್ಟಿನಲ್ಲಿ ಕೈ ಹುದುಗಿಸಿ ಬೆರಳು ಬಿಡಿಸುವುದು ಸಾಕಾಗುತ್ತದೆ. ಇವುಗಳಿಗೆ ವಿಶೇಷ ಸಾಧನ ಕೊಳ್ಳುವ ಅಗತ್ಯವಿಲ್ಲ. ಮೆತ್ತನೆಯ ಚೆಂಡು, ಸಿಲಿಕೋನ್ ಉಂಗುರಗಳು ಕೈ ಸಡಿಲಗೊಳಿಸಲು, ಪೆಟ್ಟಿನ ನಂತರದ ಚೇತರಿಕೆಗೆ ಸರಿ. ಬಲಕ್ಕಾಗಿ ಅವನ್ನು ಕೊಳ್ಳಬೇಡಿ.

ಅಳೆಯುವ ಸಾಧನ

ಹಿಡಿತದ ಬಲವನ್ನು ವೈದ್ಯರು ಡೈನಮೋಮೀಟರ್‌ನಿಂದ ಅಳೆಯುತ್ತಾರೆ. ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಮಾನದಂಡವಾಗಿರುವ ಜಾಮರ್ ಸಾಧನದ ಹಿಡಿಯನ್ನು ಐದು ಅಗಲಗಳಿಗೆ ಹೊಂದಿಸಬಹುದು. ಕುಳಿತು, ತೋಳನ್ನು ಮೈಗೆ ಹತ್ತಿರ ಇಟ್ಟು, ಮೊಣಕೈಯನ್ನು 90 ಡಿಗ್ರಿ ಮಡಿಸಿ ಮೂರು ಸಲ ಹಿಂಡಿ ಸರಾಸರಿ ತೆಗೆಯುವುದು ರೂಢಿಯ ಕ್ರಮ. ಭಂಗಿ ಬದಲಾದರೆ ಅಂಕಿ ಬದಲಾಗುವುದರಿಂದ ಪ್ರತಿ ಸಲವೂ ಒಂದೇ ಕ್ರಮ ಪಾಲಿಸಬೇಕು.

ಈ ಅಳತೆಗೆ ಆರೋಗ್ಯದಲ್ಲಿ ದೊಡ್ಡ ಸ್ಥಾನವಿದೆ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1.4 ಲಕ್ಷ ವಯಸ್ಕರನ್ನು ಒಳಗೊಂಡ ಪ್ಯೂರ್ ಎಂಬ ಅಧ್ಯಯನದ 2015ರ ವರದಿಯಲ್ಲಿ ಹಿಡಿತ 5 ಕಿಲೊ ಕಡಿಮೆಯಾದಂತೆಲ್ಲ ಯಾವುದೇ ಕಾರಣದಿಂದ ಸಾಯುವ ಸಂಭವ 16 ಪ್ರತಿಶತ ಹೆಚ್ಚಿದ್ದುದು ಕಂಡುಬಂತು. ಮುಷ್ಟಿ ಬಿಗಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ. ಇಡೀ ಮೈಯ ಸ್ನಾಯುಗಳ ಸ್ಥಿತಿಯನ್ನು ಕೈಯ ಬಲ ಸೂಚಿಸುತ್ತದೆ, ಅಷ್ಟೇ. ವಯಸ್ಸಾದಂತೆ ಸ್ನಾಯು ಕರಗುವ ಸಾರ್ಕೊಪೀನಿಯಾ ಎಂಬ ಸ್ಥಿತಿಯನ್ನು ಗುರುತಿಸಲು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಪುರುಷರಿಗೆ 28 ಕಿಲೊ, ಮಹಿಳೆಯರಿಗೆ 18 ಕಿಲೊಗಿಂತ ಕೆಳಗಿನ ಹಿಡಿತವನ್ನು ದುರ್ಬಲವೆಂದು ಗೊತ್ತುಪಡಿಸಿದೆ. ಈ ಗಡಿಗಿಂತ ಕೆಳಗಿರುವ ಹಿರಿಯರಿಗೆ ಗ್ರಿಪ್ಪರಿಗಿಂತ ಮೊದಲು ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಹೊತ್ತು ನಡೆಯುವ ಅಭ್ಯಾಸ, ಬೇಳೆ-ಮೊಟ್ಟೆ-ಹಾಲಿನಂಥ ಪ್ರೋಟೀನ್ ಆಹಾರ ಮುಖ್ಯ.

ಒಬ್ಬೊಬ್ಬರೂ ಡೈನಮೋಮೀಟರ್ ಕೊಳ್ಳಬೇಕಿಲ್ಲ. ಆದರೆ ಒಂದು ತಾಲೀಮಖಾನೆ, ಒಂದು ಕಬಡ್ಡಿ ತಂಡ, ಒಂದು ಶಾಲೆಯ ವ್ಯಾಯಾಮ ವಿಭಾಗ ಡಿಜಿಟಲ್ ಮಾದರಿಯೊಂದನ್ನು ಹಂಚಿಕೊಂಡು ಬಳಸಿದರೆ, ಐದು ಗ್ರಿಪ್ಪರುಗಳಿಗೆ ಹಾಕುವ ಹಣಕ್ಕಿಂತ ಅದು ಹೆಚ್ಚು ಕಲಿಸುತ್ತದೆ. ಮನೆಯಲ್ಲಿ ಪ್ರಯಾಣದ ಬ್ಯಾಗ್ ತೂಗುವ ಡಿಜಿಟಲ್ ತಕ್ಕಡಿಯಿಂದಲೂ ಕೆಲಸ ಸಾಗುತ್ತದೆ: ಕಾಲಡಿಯಲ್ಲಿ ತುಳಿದ ಹಗ್ಗಕ್ಕೆ ತಕ್ಕಡಿಯ ಕೆಳ ತುದಿ, ಮೇಲಿನ ತುದಿಗೆ ಮರದ ತುಂಡಿನ ಕೊಕ್ಕೆ ಸಿಕ್ಕಿಸಿ ಮೇಲಕ್ಕೆಳೆದರೆ ಚಿಮಟದ ಬಲ ಎಷ್ಟೆಂದು ತೋರಿಸುತ್ತದೆ. ಇವುಗಳಲ್ಲಿ ಹೆಚ್ಚಿನವು 50 ಕಿಲೊವರೆಗೆ ಮಾತ್ರ ತೂಗುತ್ತವೆ ಎಂಬುದು ನೆನಪಿರಲಿ.

ಬೇಸಿಗೆ, ಬೆವರು, ತುಕ್ಕು

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ಯಾದಗಿರಿಯಲ್ಲಿ ಸಲಕರಣೆಯ ಹೊರಮೈ ಬಹಳ ಮುಖ್ಯವಾಗುತ್ತದೆ. ಹೊಳೆಯುವ ಕ್ರೋಮ್ ಲೇಪದ ಹಿಡಿ ಬೆವರಿದ ಕೈಗೆ ನಿಲ್ಲುವುದಿಲ್ಲ. ಗೀರು ಹಾಕಿದ ಒರಟು ಹಿಡಿ ಮೇಲು. ಮುಖಕ್ಕೆ ಹಚ್ಚುವ ಪೌಡರನ್ನು ಅಂಗೈಗೆ ಹಚ್ಚಿಕೊಳ್ಳುವವರನ್ನು ನೋಡುತ್ತೇವೆ, ಅದು ಜಾರಿಕೆಯನ್ನು ಹೆಚ್ಚಿಸುತ್ತದೆ. ಬೇಕಾದದ್ದು ಜಿಮ್ನಾಸ್ಟ್‌ಗಳು ಬಳಸುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಅದು ತೇವ ಹೀರುತ್ತದೆ. ಬಿಸಿಲಿನಲ್ಲಿ ಬಿಟ್ಟ ಸರಳು ಕೈ ಸುಡುತ್ತದೆ, ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಗ್ರಿಪ್ಪರ್ ಕಾಲಕ್ರಮದಲ್ಲಿ ಬಿರಿಯುತ್ತದೆ. ಲೋಹದ ಗ್ರಿಪ್ಪರಿನ ಸುರುಳಿಗೆ ಮಳೆಗಾಲಕ್ಕೆ ಮುಂಚೆ ಒಂದೆರಡು ಹನಿ ಎಣ್ಣೆ ಬಿಟ್ಟರೆ ವರ್ಷಾನುಗಟ್ಟಲೆ ಬಾಳುತ್ತದೆ. ಡೆಡ್‌ಲಿಫ್ಟ್‌ಗೆ ಕೈಯನ್ನು ಸರಳಿಗೆ ಬಿಗಿಯುವ ಕೈಪಟ್ಟಿ ಕಟ್ಟಿಕೊಳ್ಳುವ ಅಭ್ಯಾಸವಿರುವವರು ಕೊನೆಯ ಭಾರದ ಸರದಿಗಳಿಗೆ ಮಾತ್ರ ಅದನ್ನು ಇಟ್ಟುಕೊಂಡರೆ, ಆರಂಭದ ಸರದಿಗಳೇ ಹಿಡಿತದ ಅಭ್ಯಾಸವಾಗುತ್ತವೆ.

ಎಷ್ಟು, ಯಾವಾಗ ನಿಲ್ಲಿಸಬೇಕು

ಸ್ನಾಯುವಿಗಿಂತ ಸ್ನಾಯುರಜ್ಜು ನಿಧಾನವಾಗಿ ಗಟ್ಟಿಯಾಗುತ್ತದೆ, ಗ್ರಿಪ್ಪರ್ ಹಿಂಡಿ ಮೊಣಕೈ ನೋಯಿಸಿಕೊಳ್ಳುವವರ ಕಥೆಗೆ ಇದೇ ಮೂಲ. ವಾರಕ್ಕೆ ಎರಡು ಅಥವಾ ಮೂರು ದಿನ, ಪ್ರತಿ ಸಲ ಎರಡು ಬಗೆಯ ಹಿಡಿತ, ಒಂದೊಂದಕ್ಕೂ ಮೂರು ನಾಲ್ಕು ಸರದಿ ಸಾಕು. ಮೊಣಕೈಯ ಒಳ ಅಥವಾ ಹೊರ ಗುಬುಟಿನಲ್ಲಿ ಮರುದಿನವೂ ಉಳಿಯುವ ನೋವು ಬಂದರೆ ಭಾರವನ್ನು ಅರ್ಧಕ್ಕಿಳಿಸಿ ಬೆರಳು ತೆರೆಯುವ ವ್ಯಾಯಾಮಕ್ಕೆ ಮರಳಬೇಕು.

ರಕ್ತದೊತ್ತಡ ಇರುವವರ ವಿಷಯ ಸ್ವಲ್ಪ ಸೂಕ್ಷ್ಮ. ಉಸಿರು ಕಟ್ಟಿ ಪೂರ್ಣ ಬಲದಿಂದ ಹಿಂಡುವಾಗ ಒತ್ತಡ ಆ ಕ್ಷಣಕ್ಕೆ ಏರುತ್ತದೆ, ಹತೋಟಿಯಲ್ಲಿಲ್ಲದ ಒತ್ತಡವಿರುವವರಿಗೆ ಅದು ಒಳ್ಳೆಯದಲ್ಲ. ಅದೇ ಹೊತ್ತಿಗೆ, ಗರಿಷ್ಠ ಬಲದ 30ರಿಂದ 40 ಪ್ರತಿಶತದಷ್ಟು ಮಾತ್ರ ಹಿಂಡಿ ಎರಡು ನಿಮಿಷ ತಡೆದು, ನಡುವೆ ವಿಶ್ರಾಂತಿ ಕೊಟ್ಟು ನಾಲ್ಕು ಸಲ, ವಾರಕ್ಕೆ ಮೂರು ದಿನ ಮಾಡಿದರೆ ಕೆಲವು ವಾರಗಳಲ್ಲಿ ವಿಶ್ರಾಂತಿಯ ಒತ್ತಡ ಇಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ. 2017ರ ಅಮೆರಿಕದ ರಕ್ತದೊತ್ತಡ ಮಾರ್ಗಸೂಚಿಯಲ್ಲೂ ಈ ಕ್ರಮ ಸೇರಿದೆ. ಇದನ್ನು ಔಷಧಿಯ ಬದಲಿಗಲ್ಲ, ಔಷಧಿಯ ಜೊತೆಗೆ, ವೈದ್ಯರನ್ನು ಕೇಳಿಯೇ ಮಾಡಬೇಕು, ಹಿಂಡುವಾಗ ಉಸಿರಾಟ ಸರಾಗವಾಗಿರಬೇಕು.

ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುವುದು, ಅದರಲ್ಲೂ ರಾತ್ರಿ ಎಚ್ಚರವಾಗುವಷ್ಟು ಜೋಮು ಬರುವುದು, ಕಾರ್ಪಲ್ ಸುರಂಗದಲ್ಲಿ ನರ ಒತ್ತಿಹೋಗುತ್ತಿರುವ ಲಕ್ಷಣವಾಗಿರಬಹುದು. ಮಡಿಸಿದ ಬೆರಳು ಸಿಕ್ಕಿಕೊಂಡು ಟಕ್ಕೆಂದು ಬಿಡಿಸಿಕೊಳ್ಳುವ ತೊಂದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಇವೆರಡರಲ್ಲಿ ಯಾವುದಿದ್ದರೂ ಹಿಂಡುವ ಅಭ್ಯಾಸವನ್ನು ಅಲ್ಲಿಗೆ ನಿಲ್ಲಿಸಿ, ಮೂಳೆ ವೈದ್ಯರಿಗೆ ಕೈ ತೋರಿಸಿದ ನಂತರವೇ ಸಲಕರಣೆಯ ಮಾತು ಎತ್ತಬೇಕು.